ಹಂಚಿದ ಬೀಜ ಉಳಿಯಿತು

ಸಂದರ್ಶನಗಳಿಗೆ ಅಲೆದೂ ಅಲೆದೂ ಸಾಕಾಗಿ, ಕಳೆದ ಮೇ ತಿಂಗಳಲ್ಲಿ ಶಿರಸಿ ಬಳಿಯ ನಮ್ಮೂರಿಗೆ ಬರಿಗೈಯಲ್ಲಿ ಮರಳಿದ್ದೆ. ಅಮ್ಮ ಏನೂ ಕೇಳಲಿಲ್ಲ. ‘ನಾಳೆ ಬೀಜ ಹಂಚಿಕೊಳ್ಳೋಕೆ ಹೋಗ್ತೇನೆ, ನೀನೂ ಬಾ’ ಎಂದಳು, ಅಷ್ಟೆ.

ಮಳೆಗಾಲಕ್ಕೆ ಮುನ್ನ ನಮ್ಮೂರ ಹೆಂಗಸರು ಒಬ್ಬರ ಮನೆ ಜಗಲಿಯಲ್ಲಿ ಸೇರುತ್ತಾರೆ. ಬೂದಿ ಬೆರೆಸಿಟ್ಟ ಹೀರೆ, ಬದನೆ, ಮೊಗೆಕಾಯಿ ಬೀಜ, ಡೇರೆ ಗಡ್ಡೆ ಕೈಬದಲಾಗುತ್ತವೆ. ದುಡ್ಡಿನ ಮಾತಿಲ್ಲ. ಒಯ್ದವರು ಬೆಳೆದು, ಬೀಜ ಮಾಡಿ ಮತ್ತೊಬ್ಬರಿಗೆ ಕೊಡಬೇಕು. ಪೇಟೆಯ ಹೈಬ್ರಿಡ್ ಬೀಜದಲ್ಲಿ ಇದು ನಡೆಯದು. ಅದರ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಉಳಿಯುವುದಿಲ್ಲ. ಹಿತ್ತಲಿನ ಇಂಥ ನಾಟಿ ಬೀಜಗಳನ್ನು ಉಳಿಸಲೆಂದೇ ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ 2001ರಿಂದ ದುಡಿಯುತ್ತಿದೆ.

ಅಂದು ಅಜ್ಜಿಯೊಬ್ಬರು ಅಮ್ಮನಿಂದ ಹೀರೆ ಬೀಜ ಪಡೆದರು. ‘ಇದು ನಂದೇ ಬೀಜ. ನನ್ನ ಬಳ್ಳಿ ಮಳೆಗೆ ಕೊಳೀತು. ನಿನ್ನಮ್ಮಂಗೆ ಕೊಟ್ಟಿದ್ದಕ್ಕೆ ಉಳೀತು’ ಎಂದು ನಕ್ಕರು.

ನನಗೆ ಚುರುಕ್ಕೆಂದಿತು. ನೇಮಕಾತಿ ಜಾಹೀರಾತು ಕಂಡರೆ, ಪೈಪೋಟಿ ಹೆಚ್ಚೀತೆಂದು ಗೆಳತಿಯರಿಂದ ಮುಚ್ಚಿಡುತ್ತಿದ್ದವಳು ನಾನು. ಈಗ ಮೊದಲು ಅವರಿಗೇ ಕಳಿಸುತ್ತೇನೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ನನ್ನ ಕಣ್ಣಿಗೇ ಬೀಳದ ಜಾಹೀರಾತೊಂದನ್ನು ಮೊನ್ನೆ ಗೆಳತಿಯೊಬ್ಬಳು ಕಳಿಸಿದ್ದಾಳೆ. ಅರ್ಜಿ ಹಾಕಿದ್ದೇನೆ.