ಗಾಳದ ಗಂಟು: ಸುತ್ತು ಹೆಚ್ಚಾದಷ್ಟೂ ಗಟ್ಟಿಯೇ?

ಕಳೆದ ಮಳೆಗಾಲ ಮುಗಿದ ಮೇಲೆ ಊರಿಗೆ ಹೋದಾಗ ಮಾವನ ಜೊತೆ ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದೆ. ಹಳೆಯ ನೈಲಾನ್ ದಾರದ ಬದಲು ಈ ಸಲ ಅಂಗಡಿಯವರು ಹೊಗಳಿ ಕೊಟ್ಟ ಬ್ರೇಡೆಡ್ ಲೈನ್, ಅಂದರೆ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ ಇತ್ತು. ಮಾವ ತಾವು ಚಿಕ್ಕಂದಿನಿಂದ ಹಾಕುತ್ತಿದ್ದ ಗಂಟನ್ನೇ ಹಾಕಿದರು. ದೊಡ್ಡ ಮೀನೊಂದು ಕಚ್ಚಿತು, ಜಗ್ಗಿತು, ಅಷ್ಟರಲ್ಲೇ ದಾರ ಸಡಿಲವಾಯಿತು. ಮೀನೂ ಇಲ್ಲ, ಕೊಕ್ಕೆಯೂ ಇಲ್ಲ!

"ದಾರ ಕಳಪೆ, ತುಂಡಾಯ್ತು" ಎಂದರು ಮಾವ. ಆದರೆ ದಾರ ತುಂಡಾಗಿರಲಿಲ್ಲ. ನಾವು ಕತ್ತರಿಯಲ್ಲಿ ಕತ್ತರಿಸಿದ್ದ ತುದಿ ಹಾಗೆಯೇ ಇತ್ತು. ಗಂಟು ಜಾರಿತ್ತು, ಅಷ್ಟೇ.

ಹಾಗಾದರೆ ಇನ್ನೂ ನಾಲ್ಕು ಸುತ್ತು ಹಾಕಿ, ಮೇಲೊಂದು ಗಂಟು ಬಿಗಿದಿದ್ದರೆ ಮೀನು ಸಿಗುತ್ತಿತ್ತೇ?

ಗಂಟು ಹೇಗೆ ಹಿಡಿಯುತ್ತದೆ?

ಗಂಟಿನಲ್ಲಿ ಅಂಟೇನೂ ಇರುವುದಿಲ್ಲ. ದಾರವನ್ನು ಹಿಡಿದಿಡುವುದು ಘರ್ಷಣೆ ಮಾತ್ರ. ಬಂದರಿನಲ್ಲಿ ಕಂಬಕ್ಕೆ ಹಗ್ಗವನ್ನು ಕೆಲವೇ ಸುತ್ತು ಸುತ್ತಿ, ಇಡೀ ದೋಣಿಯ ಎಳೆತವನ್ನು ಒಬ್ಬನೇ ತಡೆಯುವುದನ್ನು ನೀವು ನೋಡಿರಬಹುದು. ಇಲ್ಲಿ ಪ್ರತಿ ಸುತ್ತಿಗೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ!

ಘರ್ಷಣಾಂಕ 0.2 ಇದ್ದರೆ ಒಂದು ಸುತ್ತು ನಿಮ್ಮ ಹಿಡಿತವನ್ನು ಸುಮಾರು 3.5 ಪಟ್ಟು ಮಾಡುತ್ತದೆ. ಐದು ಸುತ್ತು, 500 ಪಟ್ಟಿಗೂ ಹೆಚ್ಚು. ಘರ್ಷಣಾಂಕ 0.1 ಆದರೆ? ಒಂದು ಸುತ್ತಿಗೆ 1.9 ಪಟ್ಟು, ಐದು ಸುತ್ತಿಗೆ ಬರೀ 23 ಪಟ್ಟು. ಜಾರುವ ಗುಣ ಎರಡು ಪಟ್ಟಾದರೆ ಹಿಡಿತ ಇಪ್ಪತ್ತು ಪಟ್ಟಿಗೂ ಹೆಚ್ಚು ಕುಸಿಯುತ್ತದೆ. ನಿಜವಾದ ಗಂಟು ಈ ಲೆಕ್ಕಕ್ಕಿಂತ ಜಟಿಲ. ಆದರೂ ಮಾವನ ಗಂಟು ಹೊಸ ದಾರದಲ್ಲಿ ಸೋತದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಮೂರು ದಾರ, ಮೂರು ಸ್ವಭಾವ

ನೈಲಾನ್ ಮೊನೊಫಿಲಮೆಂಟ್: ಹಲವೆಡೆ ತಂಗೂಸಿ ಎಂದು ಕರೆಯುವ ಒಂಟಿ ಎಳೆಯ ದಾರ ಇದೇ. ಮೆತ್ತಗಿದ್ದು ಹಿಗ್ಗುತ್ತದೆ, ಹಾಗಾಗಿ ಗಂಟಿನಲ್ಲಿ ಚೆನ್ನಾಗಿ ಕೂರುತ್ತದೆ. ನೀರು ಹೀರಿದಾಗ ಬಲ ಸ್ವಲ್ಪ ಕುಗ್ಗುತ್ತದೆ. ಇದಕ್ಕೆ 'ಇಂಪ್ರೂವ್ಡ್ ಕ್ಲಿಂಚ್' ಗಂಟು ಸಾಕು. ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ತುದಿಯನ್ನು ಮೂಲ ದಾರಕ್ಕೆ ಐದು ಸುತ್ತು ಸುತ್ತಿ. ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ತೂರಿಸಿ, ಆಮೇಲೆ ಹೊಸದಾಗಿ ಆದ ದೊಡ್ಡ ಕುಣಿಕೆಯಲ್ಲಿ ತೂರಿಸಿ ಎಳೆಯಿರಿ.

ಫ್ಲೋರೋಕಾರ್ಬನ್: ನೀರಿನಲ್ಲಿ ನೈಲಾನ್‌ಗಿಂತ ಕಡಿಮೆ ಕಾಣುತ್ತದೆ ಎಂದು ಇದನ್ನು ಕೊಕ್ಕೆಯ ಹತ್ತಿರದ ತುಂಡಿಗೆ ಬಳಸುತ್ತಾರೆ. ಇದು ಬಿರುಸು. ಸುತ್ತುಗಳು ಒಂದರ ಪಕ್ಕ ಒಂದು ಕೂರದೆ ಒಂದರ ಮೇಲೊಂದು ಹತ್ತಿದರೆ, ದಾರ ತನ್ನನ್ನು ತಾನೇ ಹಿಸುಕುತ್ತದೆ. ದಾರ ದಪ್ಪವಾದಷ್ಟೂ ಸುತ್ತು ಕಡಿಮೆ ಮಾಡಿ, ನಿಧಾನವಾಗಿ ಬಿಗಿಯಿರಿ.

ಬ್ರೇಡೆಡ್: ಇದು ಪಾಲಿಎಥಿಲೀನ್ ಎಳೆಗಳ ಹೆಣಿಗೆ. ಅಷ್ಟೇ ಬಲದ ನೈಲಾನ್‌ಗಿಂತ ತುಂಬಾ ತೆಳು, ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಮತ್ತು ಬಹಳ ನುಣುಪು. ಇದಕ್ಕೆ 'ಪ್ಯಾಲೊಮಾರ್' ಗಂಟು ಒಳ್ಳೆಯದು. ದಾರವನ್ನು ಮಡಚಿ ಜೋಡಿ ಎಳೆಯಾಗಿ ಕಣ್ಣಿಗೆ ಪೋಣಿಸಿ. ಆ ಜೋಡಿ ಎಳೆಯಲ್ಲೇ ಸಡಿಲವಾದ ಒಂದು ಸಾದಾ ಗಂಟು ಹಾಕಿ, ತುದಿಯ ಕುಣಿಕೆಯೊಳಗಿಂದ ಕೊಕ್ಕೆಯನ್ನೇ ದಾಟಿಸಿ ಬಿಗಿಯಿರಿ. ಕಣ್ಣಿನಲ್ಲಿ ಎರಡು ಎಳೆ ಇರುವುದರಿಂದ ಭಾರ ಹಂಚಿಹೋಗುತ್ತದೆ, ಜಾರುವುದೂ ಕಷ್ಟ.

ಹಾಗಿದ್ದರೆ ಇಪ್ಪತ್ತು ಸುತ್ತು ಹಾಕೋಣವೇ?

ಬೇಡ. ಗಂಟಿಗೆ ಎರಡು ಶತ್ರುಗಳು: ಒಂದು ಜಾರುವುದು, ಇನ್ನೊಂದು ಮುರಿಯುವುದು. ಸುತ್ತು ಹೆಚ್ಚಿಸಿದರೆ ಮೊದಲನೆಯದು ತಪ್ಪಬಹುದು, ಎರಡನೆಯದಲ್ಲ. ದಾರ ಬಾಗಿದಾಗ ಹೊರಮೈ ಹೆಚ್ಚು ಎಳೆಯಲ್ಪಡುತ್ತದೆ, ಒಳಮೈ ಹಿಸುಕಿಹೋಗುತ್ತದೆ. ಆದ್ದರಿಂದ ದಾರ ಬಹುತೇಕ ಗಂಟಿನೊಳಗೆ ಹೋಗುವ ಜಾಗದಲ್ಲೇ ತುಂಡಾಗುತ್ತದೆ. ನೈಲಾನ್ ದಾರದಲ್ಲಿ ಹಾಕುವ ಸಾದಾ ಗಂಟು ಬಲವನ್ನು ತುಂಬಾ ಕುಗ್ಗಿಸುವುದು ಅದರ ತಿರುವು ಅಷ್ಟು ಚೂಪಾಗಿರುವುದರಿಂದಲೇ. ಅತಿಯಾದ ಸುತ್ತುಗಳು ಸಮವಾಗಿ ಕೂರುವುದೂ ಇಲ್ಲ. ಗಂಟಿನ ಮೇಲೆ ಗಂಟು ಹಾಕಿದರೆ ದುರ್ಬಲ ಜಾಗ ಇನ್ನೊಂದು ಹೆಚ್ಚಾಯಿತು, ಅಷ್ಟೇ.

ಎಂಜಲು ಹಚ್ಚುವುದು ಮೂಢನಂಬಿಕೆಯೇ?

ಅಲ್ಲ, ಇದರಲ್ಲಿ ವಿಜ್ಞಾನವಿದೆ! ಒಣ ದಾರವನ್ನು ಸರ್ರನೆ ಎಳೆದರೆ ಉಜ್ಜಾಟಕ್ಕೆ ಬಿಸಿ ಹುಟ್ಟುತ್ತದೆ. ನೈಲಾನ್ 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗಿದರೆ, ಬ್ರೇಡ್‌ನ ಪಾಲಿಎಥಿಲೀನ್ ಸುಮಾರು 145 ಡಿಗ್ರಿಗೇ ಕರಗುತ್ತದೆ. ಕರಗದಿದ್ದರೂ ದಾರದ ಮೇಲ್ಮೈಗೆ ಪೆಟ್ಟಾಗುತ್ತದೆ. ತೇವ ಮಾಡಿದರೆ ಬಿಸಿಯೂ ಕಡಿಮೆ, ಸುತ್ತುಗಳು ಜರುಗಿ ಕೂರುವುದೂ ಸುಲಭ. ಎಂಜಲೇ ಬೇಕೆಂದಿಲ್ಲ, ಕೆರೆಯ ನೀರೂ ಆದೀತು.

ನೀವೇ ಪರೀಕ್ಷಿಸಿ

ಹಗುರ ದಾರಕ್ಕೆ ಒಂದು ಬಕೆಟ್, ಒಂದು ಲೀಟರಿನ ಅಳತೆ ಪಾತ್ರೆ ಸಾಕು. ದಾರದ ಒಂದು ತುದಿಯನ್ನು ಗಂಟು ಹಾಕದೆ ದಪ್ಪ ಕೋಲಿಗೆ ಹತ್ತಾರು ಸುತ್ತು ಸುತ್ತಿ ಭದ್ರಪಡಿಸಿ. ಇನ್ನೊಂದು ತುದಿಗೆ, ಕೊಕ್ಕೆಯ ಬದಲು ಸಣ್ಣ ಸ್ಟೀಲ್ ಉಂಗುರವನ್ನು ನೀವು ಪರೀಕ್ಷಿಸಬೇಕಾದ ಗಂಟಿನಿಂದ ಕಟ್ಟಿ, ಅದಕ್ಕೆ ಬಕೆಟ್ ತೂಗುಹಾಕಿ. ಬಕೆಟ್ ನೆಲದಿಂದ ಒಂದೆರಡು ಅಂಗುಲವಷ್ಟೇ ಮೇಲಿರಲಿ. ನೀರು ಸುರಿಯುತ್ತಾ ಹೋಗಿ. ಪ್ರತಿ ಲೀಟರಿಗೂ ಒಂದು ಕಿಲೋ. ದಾರದ ಬಲವನ್ನು ಪೌಂಡ್‌ನಲ್ಲಿ ಬರೆದಿದ್ದರೆ 0.45ರಿಂದ ಗುಣಿಸಿ. ಪ್ರತಿ ಗಂಟನ್ನೂ ಐದು ಸಲ ಪರೀಕ್ಷಿಸಿ, ಕನ್ನಡಕ ಹಾಕಿಕೊಳ್ಳಿ.

ಬಿದ್ದ ಮೇಲೆ ತುದಿ ನೋಡಿ. ಕತ್ತರಿಸಿದ ತುದಿ ಹಾಗೆಯೇ ಇದ್ದರೆ, ಅಥವಾ ನೈಲಾನ್ ಸುರುಳಿ ಸುರುಳಿಯಾಗಿದ್ದರೆ, ಗಂಟು ಜಾರಿದೆ. ಹೊಸದಾಗಿ ಹರಿದ ಗುರುತಿದ್ದರೆ ದಾರ ಮುರಿದಿದೆ. ಮೊದಲನೆಯದಕ್ಕೆ ಸುತ್ತು ಹೆಚ್ಚಿಸಿ ಅಥವಾ ಗಂಟು ಬದಲಿಸಿ. ಎರಡನೆಯದಕ್ಕೆ ತೇವ ಮಾಡಿ, ನಿಧಾನವಾಗಿ ಬಿಗಿಯಿರಿ.

ಗಂಟು ಸೋತಾಗ ನಮಗೆ ತಪ್ಪಿದ್ದು ಒಂದು ಊಟ. ಆದರೆ ಆ ಮೀನು ಬಾಯಲ್ಲಿ ಕೊಕ್ಕೆ ಚುಚ್ಚಿಕೊಂಡೇ ಹೋಯಿತು. ದಾರ ತುಂಡಾದರಂತೂ ಉಳಿದ ಎಳೆ ವರ್ಷಗಟ್ಟಲೆ ಕೊಳೆಯದೆ ನೀರಿನಲ್ಲೇ ಇರುತ್ತದೆ, ಹಕ್ಕಿಗಳ ಕಾಲಿಗೆ, ಆಮೆಗಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಕೈಗೆ ಸಿಕ್ಕ ತುಂಡು ದಾರವನ್ನು ದಂಡೆಯಲ್ಲಿ ಬಿಡದೆ ಮನೆಗೆ ತನ್ನಿ.

ಮರುದಿನ ಮಾವ ಪ್ಯಾಲೊಮಾರ್ ಹಾಕಿದರು. ಮೀನೇನೂ ಕಚ್ಚಲಿಲ್ಲ. ಆದರೆ ಸಂಜೆ ಕೊಕ್ಕೆ ಬೇರಿಗೆ ಸಿಕ್ಕಿಕೊಂಡಾಗ ಇಬ್ಬರೂ ಸೇರಿ ಎಳೆದೆವು. ಬೇರು ಕಿತ್ತು ಬಂತು, ಗಂಟು ಹಾಗೇ ಇತ್ತು.