ಹಿಟ್ಟಿನ ಮೂಟೆಯೊಳಗಿನ ಎರಡು ಹಸಿವು

ಅಲ್ಜೀರಿಯಾದ ತಿಂದೂಫ್ ಪಟ್ಟಣದಾಚೆ ಸಹಾರಾ ಮರುಭೂಮಿ ಬರೀ ಕಲ್ಲುಬಯಲು. ಪಶ್ಚಿಮ ಸಹಾರಾಕ್ಕೆ 1975ರಲ್ಲಿ ಯುದ್ಧ ಬಂದಾಗ ಓಡಿಬಂದ ಸಹ್ರಾವಿ ಜನ ಅಲ್ಲೇ ಡೇರೆ ಹೂಡಿದರು. ಬಿಟ್ಟುಬಂದ ಊರುಗಳ ಹೆಸರನ್ನೇ ಶಿಬಿರಗಳಿಗೆ ಇಟ್ಟರು: ಸ್ಮಾರಾ, ಲಾಯೂನ್, ಅವ್ಸೆರ್ದ್, ದಾಖ್ಲಾ. ಅಂದಿನಿಂದ ಇಂದಿನವರೆಗೆ ಅವರ ಒಲೆ ಉರಿಯುವುದು ಹೊರಗಿನವರು ಕಳಿಸಿದ ಧಾನ್ಯದ ಮೇಲೆ.

2010ರಲ್ಲಿ ಸಂಶೋಧಕರು ತೂಕದ ಯಂತ್ರ, ಅಳತೆಪಟ್ಟಿ ಹಿಡಿದು ಅಲ್ಲಿನ ಮನೆಮನೆಗೆ ಹೋದರು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 29 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ನಿರಾಶ್ರಿತರ ಶಿಬಿರವೆಂದರೆ ಇದು ಊಹಿಸಬಹುದಾದದ್ದೇ. ಹೆಂಗಸರನ್ನು ತೂಗಿದರೆ? ನೂರಕ್ಕೆ 54 ಮಂದಿಗೆ ಅಧಿಕ ತೂಕ, ಇಲ್ಲವೇ ಬೊಜ್ಜು! ಇನ್ನೂ ಬೆರಗಿನ ಸಂಗತಿ ಕೇಳಿ: ನಾಲ್ಕರಲ್ಲಿ ಒಂದು ಮನೆಯಲ್ಲಿ ಅಪೌಷ್ಟಿಕತೆಯೂ ಬೊಜ್ಜೂ ಒಟ್ಟಿಗೇ ವಾಸವಾಗಿದ್ದವು. ಒಂದೇ ಸೂರು, ಒಂದೇ ಪಾತ್ರೆಯ ಊಟ!

ಹೇಗೆ ಸಾಧ್ಯ? ಹೊರಗಿನಿಂದ ಬರುವ ಆ ಧಾನ್ಯದ ಮೂಟೆಗಳನ್ನೇ ಬಿಚ್ಚಿ ನೋಡಬೇಕು. ಗೋಧಿಹಿಟ್ಟು, ಅಕ್ಕಿ, ಬೇಳೆಕಾಳು, ಎಣ್ಣೆ, ಸಕ್ಕರೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಕ್ಯಾಲೊರಿ ಕೊಡುವ, ಮರುಭೂಮಿಯ ಬಿಸಿಲಲ್ಲೂ ಕೆಡದ ಪದಾರ್ಥಗಳು. ತರಕಾರಿ, ಹಾಲು, ಮಾಂಸ ಅಪರೂಪ. ಹೊಟ್ಟೆ ತುಂಬುತ್ತದೆ, ರಕ್ತಕ್ಕೆ ಬೇಕಾದ ಕಬ್ಬಿಣ ಮಾತ್ರ ಸಿಗುವುದಿಲ್ಲ. ಹಾಗಾಗಿ ಮೈತುಂಬಿಕೊಂಡ ತಾಯಿಯೇ ರಕ್ತಹೀನತೆಯಿಂದ ಬಳಲಬಹುದು. ಒಂದೇ ದೇಹದಲ್ಲಿ ಎರಡೂ! ಒಂಟೆಗಳ ಹಿಂದೆ ಅಲೆದು, ಅವುಗಳ ಹಾಲು, ಮಾಂಸ ಉಂಡು ಬದುಕಿದ್ದ ಜನ ಇವರು. ಈಗ ಅಲೆದಾಟವಿಲ್ಲ, ಉಳಿದಿರುವುದು ಅತಿಥಿಗೆ ಮೂರು ಲೋಟ ಸುರಿಯುವ ಸಿಹಿಸಿಹಿ ಚಹಾ. ತುಂಬಿದ ಮೈಯನ್ನು ಚೆಲುವೆಂದು ಮೆಚ್ಚುವ ಹಳೆಯ ರೂಢಿಯೂ ಇದೆ. ಅದಕ್ಕಾಗಿ ಆ ಹೆಂಗಸರನ್ನು ದೂರುವುದು ತೀರಾ ಅನ್ಯಾಯ. ಮೂಟೆಯಲ್ಲಿ ಏನಿರಬೇಕೆಂದು ನಿರ್ಧರಿಸಿದವರು ಅವರಲ್ಲ.

ಆ ಹಿಟ್ಟಿನ ಇನ್ನೊಂದು ಕಥೆ 1999ರಲ್ಲೇ ಹೊರಬಿದ್ದಿತ್ತು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಸಹ್ರಾವಿ ಮಕ್ಕಳಲ್ಲಿ ನೂರಕ್ಕೆ 5.6ರಷ್ಟು! ಯುರೋಪಿನಲ್ಲಿ ಅದು ನೂರಕ್ಕೆ ಒಂದರ ಆಸುಪಾಸು. ಜೀವ ಉಳಿಸಲೆಂದು ಬಂದ ಗೋಧಿಯೇ ಕೆಲವು ಮಕ್ಕಳ ಕರುಳನ್ನು ಸವೆಸುತ್ತಿತ್ತು.

ಇಷ್ಟೆಲ್ಲಕ್ಕೂ ಚಿಕಿತ್ಸೆ? ಇಲ್ಲಿ ನನಗೆ ನಿಜಕ್ಕೂ ಹೆಮ್ಮೆ ಎನಿಸುತ್ತದೆ. ಈ ನಿರಾಶ್ರಿತರು ತಮ್ಮದೇ ಆರೋಗ್ಯ ಇಲಾಖೆ ಕಟ್ಟಿಕೊಂಡಿದ್ದಾರೆ. ಶಿಬಿರಗಳಲ್ಲಿ ಚಿಕಿತ್ಸಾಲಯಗಳಿವೆ, ರಬೂನಿಯಲ್ಲಿ ದೊಡ್ಡಾಸ್ಪತ್ರೆಯಿದೆ, ಕ್ಯೂಬಾದಲ್ಲಿ ಓದಿ ಮರಳಿದ ವೈದ್ಯರಿದ್ದಾರೆ. ಆದರೆ ಲಸಿಕೆಯಂತೆ ಒಮ್ಮೆ ಕೊಟ್ಟು ಮುಗಿಸುವ ಮದ್ದಲ್ಲ ಬೊಜ್ಜಿನ ಬೆನ್ನಿಗೆ ಬರುವ ಬಿಪಿ, ಸಕ್ಕರೆ ಕಾಯಿಲೆಯದು. ಜೀವನಪೂರ್ತಿ, ದಿನವೂ ಮಾತ್ರೆ ಬೇಕು. ಅದೂ ಹಿಟ್ಟಿನಂತೆ ದಾನದ ಲಾರಿಯಲ್ಲೇ ಬರಬೇಕು. ಆ ಯುದ್ಧಕ್ಕೆ ತಡೆಯೊಡ್ಡಿದ್ದ 1991ರ ಕದನವಿರಾಮ 2020ರಲ್ಲಿ ಮುರಿದುಬಿತ್ತು, ಊರಿಗೆ ಮರಳುವ ದಿನ ಮತ್ತೂ ದೂರ ಸರಿಯಿತು. ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಪೌಷ್ಟಿಕತೆ ಅಳೆಯುವ ದಾದಿ, ಅದೇ ಭೇಟಿಯಲ್ಲಿ ತಾಯಿಯ ಬಿಪಿಯನ್ನೂ ನೋಡಬಹುದು. ಬೇಕಿರುವುದು ಒಂದು ಯಂತ್ರ, ಮತ್ತೆ ತಿಂಗಳು ತಪ್ಪದೆ ಬರುವ ಮಾತ್ರೆ.