ಬಿಗಿ ಹಿಡಿದ ಸ್ಟಿಯರಿಂಗ್‌ನೊಳಗಿನ ರಸಾಯನ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಸಾಮಾನ್ಯವಾಗಿ ಬೇರೆ ಚುಕ್ಕಾಣಿ ಬೇಕಾಗುವುದಿಲ್ಲ. ಇಡೀ ಎಂಜಿನ್ನೇ ತನ್ನ ಪ್ರೊಪೆಲ್ಲರ್‌ನೊಂದಿಗೆ ಎಡಕ್ಕೋ ಬಲಕ್ಕೋ ಹೊರಳಿ ನೀರನ್ನು ಓರೆಯಾಗಿ ತಳ್ಳುವುದರಿಂದ ದೋಣಿಯ ದಿಕ್ಕು ಬದಲಾಗುತ್ತದೆ. ಈ ಹೊರಳುವಿಕೆಗೆ ಆಧಾರವಾಗಿರುವುದು ನೆಟ್ಟಗೆ ನಿಂತ ಒಂದು ಉಕ್ಕಿನ ಶಾಫ್ಟ್ ಮತ್ತು ಅದನ್ನು ಕೊಳವೆಯಂತೆ ಸುತ್ತುವರಿದ ಅಲ್ಯೂಮಿನಿಯಂ ಬ್ರಾಕೆಟ್. ಇವೆರಡರ ನಡುವೆ ಉಜ್ಜಾಟವನ್ನು ತಡೆಯಲು ಬುಷ್ ಎಂಬ ತೆಳುವಾದ ಬಳೆಗಳೂ ಅವುಗಳ ಸಂದಿನಲ್ಲಿ ಗ್ರೀಸೂ ಇರುತ್ತವೆ. ಸ್ಟಿಯರಿಂಗ್ ಬಿಗಿಯಾಯಿತೆಂಬ ದೂರಿನ ಮೂಲ ಬಹಳ ಸಲ ಕಣ್ಣಿಗೆ ಕಾಣದ ಈ ಸಂದಿನಲ್ಲಿಯೇ ಇರುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಇದು ಸಣ್ಣ ತೊಂದರೆಯಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಸಣ್ಣ ಔಟ್‌ಬೋರ್ಡ್ ಎಂಜಿನ್‌ನೊಂದಿಗೆ ಕಡಲಿಗಿಳಿಯುವ ನಾಡದೋಣಿಗಳು, ಗಂಗೊಳ್ಳಿಯಂಥ ಕಡೆಗಳಲ್ಲಿ ನದಿ ಸಮುದ್ರವನ್ನು ಸೇರುವ ಅಳಿವೆಯನ್ನು ದಾಟುವಾಗ, ಏಳುವ ಅಲೆಗೆ ಮೂತಿಯನ್ನು ಕ್ಷಣದಲ್ಲಿ ತಿರುಗಿಸಬೇಕಾಗುತ್ತದೆ. ಅಲ್ಲಿ ಎಂಜಿನ್ನಿನ ಹಿಡಿಕೆ ತಡವಾಗಿ ಮಣಿದರೆ ದೋಣಿ ಅಲೆಗೆ ಅಡ್ಡವಾಗಿ ಮಗುಚಿಕೊಳ್ಳುವ ಅಪಾಯವಿದೆ. ಬೆಂಗಳೂರಿನ ಹೊರವಲಯಕ್ಕೂ ದೋಣಿಗಳು ಬಂದದ್ದುಂಟು: 2022ರ ಸೆಪ್ಟೆಂಬರ್‌ನ ಮಳೆಗೆ ಯಮಲೂರು ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿದಾಗ ಜನರನ್ನು ರಬ್ಬರ್ ದೋಣಿಗಳಲ್ಲಿ ಸಾಗಿಸಲಾಯಿತು. ವರ್ಷದಲ್ಲಿ ಒಂದೆರಡು ದಿನ ಮಾತ್ರ ಬಳಕೆಯಾಗಿ ಉಳಿದ ದಿನ ಉಗ್ರಾಣದಲ್ಲಿರುವ ರಕ್ಷಣಾ ದೋಣಿಯ ಎಂಜಿನ್‌ಗೆ ದಿನವೂ ದುಡಿಯುವ ಎಂಜಿನ್‌ಗಿಂತ ಈ ಬಿಗಿತ ಬೇಗ ಅಂಟಿಕೊಳ್ಳಬಹುದು, ಏಕೆಂದರೆ ಸಂದಿನಲ್ಲಿ ನಡೆಯುವ ಕ್ರಿಯೆಗೆ ನಿಶ್ಚಲತೆಯೇ ಅನುಕೂಲ.

ಆ ಕ್ರಿಯೆ ಎರಡು ಬಗೆಯದು. ಗ್ರೀಸ್ ಎಂಬುದು ಒಂದು ಬಗೆಯ ಸಾಬೂನಿನ ಜಾಲದೊಳಗೆ ಹಿಡಿದಿಟ್ಟ ಎಣ್ಣೆ. ಕಾಲ ಕಳೆದಂತೆ ಎಣ್ಣೆ ಒಸರಿ ಹೋಗಿ, ಉಳಿದ ಜಾಲ ಮಣ್ಣು, ಉಪ್ಪುಗಳೊಂದಿಗೆ ಸೇರಿ ಮೇಣದಂತೆ ಗಟ್ಟಿಯಾಗುತ್ತದೆ. ಎರಡನೆಯದು ಇದಕ್ಕಿಂತ ಹಟಮಾರಿ. ಪ್ರತಿ ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದರಿಂದ ಅದು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ, ಉಕ್ಕು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿಕೊಂಡು ಆ ನೀರಿನಲ್ಲಿ ತೊಯ್ದರೆ ಅಲ್ಲಿ ಪುಟ್ಟದೊಂದು ಬ್ಯಾಟರಿಯೇ ಹುಟ್ಟುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಸವೆಯುವ ಲೋಹ ಅಲ್ಯೂಮಿನಿಯಂ. ಹಾಗೆ ಕರಗಿದ ಅಲ್ಯೂಮಿನಿಯಂ ಬಿಳಿಯ ಹುಡಿಯಾಗಿ ಅಲ್ಲಿಯೇ ಕೂರುತ್ತದೆ, ಆ ಹುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬುಷ್‌ನ ಹಿಂಬದಿಯಲ್ಲಿ ಅದು ಬೆಳೆದಾಗ ಬುಷ್ ಒಳಮುಖವಾಗಿ ಒತ್ತಿಕೊಂಡು ಶಾಫ್ಟನ್ನು ಇಕ್ಕಳದಂತೆ ಹಿಡಿಯುತ್ತದೆ. ಲೋಹ ಸವೆದರೆ ಸಂದು ಅಗಲವಾಗಬೇಕೆಂದು ಸಹಜವಾಗಿ ತೋರುತ್ತದೆ. ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ.

ದುರಸ್ತಿಗೆ ಮೊದಲು ತಪ್ಪು ಎಲ್ಲಿದೆಯೆಂದು ಗುರುತಿಸುವುದು ಮುಖ್ಯ. ಹಿಡಿಕೆಯಿಂದ ನಡೆಸುವ ಎಂಜಿನ್‌ಗಳಲ್ಲಿ ತಿರುಗುವಿಕೆಯ ಬಿಗಿಯನ್ನು ಹೊಂದಿಸುವ ಒಂದು ಸ್ಕ್ರೂ ಇರುತ್ತದೆ, ಅದನ್ನೇ ಯಾರೋ ಹೆಚ್ಚು ಬಿಗಿದಿರಬಹುದು. ನಿಂತಾಗ ಸಲೀಸಾಗಿದ್ದು ವೇಗದಲ್ಲಿ ಮಾತ್ರ ಒಂದೇ ಬದಿಗೆ ಎಳೆಯುತ್ತಿದ್ದರೆ ಅದು ಪ್ರೊಪೆಲ್ಲರ್‌ನ ಸೆಳೆತ. ಚಕ್ರ ಮತ್ತು ಕೇಬಲ್ ಇರುವ ದೋಣಿಯಲ್ಲಿ ಎಂಜಿನ್ನಿಗೆ ಕೇಬಲ್ಲನ್ನು ಜೋಡಿಸುವ ಕೊಂಡಿಯನ್ನು ಕಳಚಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಬೇಕು: ಅದು ಹಗುರವಾಗಿ ತಿರುಗಿದರೆ ದೋಷ ಕೇಬಲ್ಲಿನ ಕಡೆಯದು, ತಿರುಗದಿದ್ದರೆ ಬ್ರಾಕೆಟ್ಟಿನದು.

ಬ್ರಾಕೆಟ್ಟಿನ ಚಿಕಿತ್ಸೆ ಬೆಂಗಳೂರಿನ ಬಳಿಯ ಜಿಗಣಿಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಹೊಸದೆನಿಸದು. ಅಲ್ಲಿನ ಗ್ರಾನೈಟ್ ಘಟಕಗಳಲ್ಲಿ ನೀರೂ ಕಲ್ಲಿನ ನುಣ್ಪುಡಿಯೂ ಬೆರೆತ ಕೆಸರು ಯಂತ್ರಗಳ ಬೇರಿಂಗಿಗೆ ನುಗ್ಗದಂತೆ ಕಾಯುವುದು ಗ್ರೀಸೇ. ಗ್ರೀಸ್ ಗನ್ನಿನಿಂದ ಒಳಗೆ ತುಂಬಿದ ಹೊಸ ಗ್ರೀಸ್ ಹಳೆಯದನ್ನು ಕೊಳೆಯೊಂದಿಗೆ ಹೊರದೂಡುತ್ತದೆ. ದೋಣಿಯ ಎಂಜಿನ್ನಿನಲ್ಲೂ ಬ್ರಾಕೆಟ್ಟಿನಲ್ಲಿ ಗ್ರೀಸ್ ತುಂಬಲೆಂದೇ ಇರುವ ನಿಪ್ಪಲ್‌ಗೆ ನೀರಿಗೆ ಜಗ್ಗದ ಗ್ರೀಸನ್ನು ಒತ್ತುತ್ತ, ಎಂಜಿನ್ನನ್ನು ಎಡಬಲಕ್ಕೆ ನಿಧಾನವಾಗಿ ಆಡಿಸುತ್ತ, ತುದಿಗಳಿಂದ ಶುದ್ಧ ಗ್ರೀಸ್ ಕಾಣುವವರೆಗೆ ಮುಂದುವರಿಯಬೇಕು. ನಿಪ್ಪಲ್ ಕಟ್ಟಿಕೊಂಡಿದ್ದರೆ ಅದನ್ನು ಬಿಚ್ಚಿ, ರಂಧ್ರದಲ್ಲಿ ಗಟ್ಟಿಯಾದದ್ದನ್ನು ಕೆದಕಿ ತೆಗೆದು, ಒಳಸೇರುವ ತೆಳು ಎಣ್ಣೆಯನ್ನು ಬಿಟ್ಟು ಒಂದೆರಡು ದಿನ ಕಾಯಬೇಕಾಗಬಹುದು. ಈ ಕಾಯುವಿಕೆಯನ್ನು ಸಹಿಸದೆ ಸುತ್ತಿಗೆ ಎತ್ತಿದವರು ಎರಕದ ಅಲ್ಯೂಮಿನಿಯಂ ಬಿರುಕು ಬಿಡುವುದನ್ನು ಕಾಣುತ್ತಾರೆ.

ಎಣ್ಣೆಗೂ ಮಣಿಯದಾಗ ಶಾಖ ನೆರವಾಗುತ್ತದೆ. ಅಲ್ಯೂಮಿನಿಯಂ ಸಾಮಾನ್ಯ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಮಿಲಿಮೀಟರ್ ವ್ಯಾಸದ ಜೋಡಣೆ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಎರಡರ ನಡುವೆ ಮಿಲಿಮೀಟರಿನ ನೂರರಲ್ಲಿ ಸುಮಾರು ಮೂರು ಭಾಗದಷ್ಟು ಸಂದು ತೆರೆಯುತ್ತದೆ, ಎಣ್ಣೆ ಒಳಗಿಳಿಯಲು ಅಷ್ಟು ಸಾಕು. ಬೇರಿಂಗನ್ನು ಬಿಸಿಮಾಡಿ ಶಾಫ್ಟಿಗೆ ಏರಿಸುವಾಗ ನಡೆಯುವುದೂ ಇದೇ ಹಿಗ್ಗುವಿಕೆ. ಆದರೆ ಪ್ಲಾಸ್ಟಿಕ್ ಬುಷ್‌ಗಳು ಬೆಂಕಿಗೆ ಕರಗುತ್ತವೆ, ಪೆಟ್ರೋಲ್, ಸೀಮೆಎಣ್ಣೆಗಳ ಆವಿ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಇಂಧನದ ಟ್ಯಾಂಕನ್ನು ದೂರವಿರಿಸಿ ಕುದಿನೀರು ಸುರಿಯುವುದೇ ಇಲ್ಲಿ ಸುರಕ್ಷಿತ ಮಾರ್ಗ, ಗ್ಯಾಸ್ ಜ್ವಾಲೆ ಸಲ್ಲದು.

ಲೋಹದ ಈ ಸವೆತವನ್ನು ತಡೆಯುವ ಉಪಾಯವೂ ಹಳೆಯದೇ. ಬ್ರಿಟಿಷ್ ನೌಕೆಗಳ ತಳದ ತಾಮ್ರದ ಹೊದಿಕೆ ಸವೆಯದಂತೆ ಸತುವು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಬಹುದೆಂದು ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ತೋರಿಸಿದ್ದ; ಔಟ್‌ಬೋರ್ಡ್ ಎಂಜಿನ್ನಿನ ನೀರಿನಲ್ಲಿ ಮುಳುಗುವ ಭಾಗಕ್ಕೆ ಬಿಗಿಯುವ ಸತುವಿನ ತುಂಡು ಅಲ್ಯೂಮಿನಿಯಂ ಬದಲು ತಾನು ಸವೆಯುತ್ತದೆ. ಆದರೆ ನೀರಿನಿಂದ ಮೇಲಿರುವ, ಉಪ್ಪಿನ ಸಿಂಪಡಿಕೆಗೆ ಮಾತ್ರ ತೊಯ್ಯುವ ಶಾಫ್ಟಿನ ಸಂದಿಗೆ ಅದರ ರಕ್ಷಣೆ ತಲುಪುವುದಿಲ್ಲ, ಅಲ್ಲಿ ಸಿಹಿನೀರಿನ ತೊಳೆತ ಮತ್ತು ಗ್ರೀಸನ್ನೇ ನಂಬಬೇಕು.

ಕೇಬಲ್ಲಿನ ಕಥೆ ಬೇರೆ. ಎಂಜಿನ್ನನ್ನು ಮೇಲೆತ್ತಿ ಇಳಿಸುವ ಅಡ್ಡ ಕೊಳವೆಯೊಳಗೆ ಜಾರುವ ಸ್ಟಿಯರಿಂಗ್ ಸರಳು ತುಕ್ಕಿಗೆ ಸಿಕ್ಕಿದ್ದರೆ ಅದನ್ನು ಹೊರತೆಗೆದು ಕೊಳವೆಯನ್ನು ಉಜ್ಜಿ ಸರಿಪಡಿಸಬಹುದು, ಆದರೆ ಹೊದಿಕೆಯೊಳಗಿನ ತಂತಿಯೇ ತುಕ್ಕು ಹಿಡಿದಿದ್ದರೆ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲವಾದ್ದರಿಂದ ಇಡೀ ಕೇಬಲ್ಲನ್ನು ಬದಲಿಸಬೇಕು. ಆ ಕೊಳವೆಗೆ ಗ್ರೀಸ್ ತುಂಬುವಾಗ ಸರಳನ್ನು ಪೂರ್ತಿ ಒಳಗೆಳೆದುಕೊಂಡಿರಬೇಕು. ಹೊರಚಾಚಿದ ಸ್ಥಿತಿಯಲ್ಲಿ ತುಂಬಿದರೆ ಹೋಗಲು ದಾರಿಯಿಲ್ಲದ ಗ್ರೀಸ್ ಸರಳು ಹಿಂದಕ್ಕೆ ಸರಿಯದಂತೆ ತಡೆದು, ಬಿಡಿಸಹೊರಟ ಸ್ಟಿಯರಿಂಗ್ ಮತ್ತೆ ಸಿಕ್ಕಿಬೀಳುತ್ತದೆ.